ತಾತನ ನೇಮಕಾತಿ ಆದೇಶ

ನಂಜನಗೂಡಿನ ನಮ್ಮ ಕಚೇರಿಯ ಆಯುಧಪೂಜೆಗೆ ಸೀಲು, ಪೆನ್ನು, ಕಂಪ್ಯೂಟರುಗಳ ಜೊತೆ ನನ್ನ ತಾತನ ನೇಮಕಾತಿ ಆದೇಶವನ್ನೂ ಇಡುತ್ತೇವೆ. ಗಾಜು ಹಾಕಿಸಿದ ಆ ಕಾಗದವನ್ನು ಪ್ರತಿವರ್ಷ ಹುಲ್ಲಹಳ್ಳಿಯ ಮನೆಯಿಂದ ನಾನೇ ತರುತ್ತೇನೆ. ತಾತ ರಾಮಯ್ಯ ಮಹಾರಾಜರ ಕಾಲದಲ್ಲಿ ಗುಮಾಸ್ತರಾದವರು, ನಮ್ಮ ವಂಶಕ್ಕೇ ಮೊದಲ ಸರ್ಕಾರಿ ನೌಕರರು. ಇಂಗ್ಲಿಷ್ ಬರಹ, ಮೇಲೆ ವರ್ಷಗಟ್ಟಲೆಯ ಕುಂಕುಮ. ಓದಲು ಯಾರಿಗೆ ಪುರುಸೊತ್ತು? ಕೈಮುಗಿದರೆ ಆಯಿತು.

ಈ ಸಲ ನನಗೆ ಮೈಯೆಲ್ಲ ಉರಿ. ಮುಡುಕುತೊರೆಯ ರಂಜಿನಿ ಎಸ್ಸಿ ಮೀಸಲಾತಿಯಲ್ಲಿ ಬಂದು ಎರಡು ವರ್ಷದಿಂದ ನನ್ನ ಕೈಕೆಳಗಿದ್ದಳು. ಕೆಲಸ ಕಾಯಂ ಆಗಲು ನನ್ನ ವರದಿ ಬೇಕು. ಅವಳು ಬರೆದ ಪರೀಕ್ಷೆಯಲ್ಲೇ ನನ್ನ ಮಗಳು ಶಾಲಿನಿಗೆ ಅವಳಿಗಿಂತ ಹೆಚ್ಚು ಅಂಕ ಬಂದಿತ್ತು, ಕೆಲಸ ಸಿಗಲಿಲ್ಲ. ಆ ಹೊಟ್ಟೆಯುರಿಗೆ, ಹುಡುಕಿದರೂ ಒಂದು ತಪ್ಪು ಸಿಗದ ಹುಡುಗಿಗೆ ‘ತೃಪ್ತಿಕರವಲ್ಲ’ ಎಂದು ಬರೆದಿಟ್ಟಿದ್ದೆ. ಸಹಿಯೊಂದು ಬಾಕಿ.

“ಆ ಗಾಜು ಒರ್ಸಮ್ಮ,” ಎಂದೆ. “ಮೆರಿಟ್ ಅಂದ್ರೇನು ಅಂತ ಓದ್ಕೊ. ನಮ್ ತಾತ ಯಾವ ಕೋಟಾದಲ್ಲೂ ಬಂದೋರಲ್ಲ.”

ರಂಜಿನಿ ಒದ್ದೆ ಬಟ್ಟೆಯಲ್ಲಿ ಕುಂಕುಮ ಒರೆಸಿದಳು. ಓದಿದಳು. ಮತ್ತೊಮ್ಮೆ ಓದಿದಳು.

“ಸಾ... ಜೋರಾಗಿ ಓದ್ಲಾ?”

“ಓದು. ಎಲ್ರೂ ಕೇಳ್ಲಿ.”

“ಹಿಂದುಳಿದ ಕೋಮುಗಳಿಗೆ ಆದ್ಯತೆ ಕೊಡ್ಬೇಕು ಅನ್ನೋ ಸರ್ಕಾರದ ಆದೇಶದಂತೆ, ಹೆಚ್ಚು ಅಂಕದ ಇಬ್ರನ್ನ ಬಿಟ್ಟು ರಾಮಯ್ಯನವರನ್ನ ನೇಮಿಸಿದೆ ಅಂತದೆ ಸಾ. ಸಾವಿರದ ಒಂಬೈನೂರ ಇಪ್ಪತ್ಮೂರು.”

ಬಗ್ಗಿ ನಾನೂ ಓದಿದೆ, ಹಾಗೇ ಇತ್ತು.

“ಮಿಲ್ಲರ್ ಸಮಿತಿ ಸಾ, ಪರೀಕ್ಷೆಗೆ ಓದಿದ್ದೆ. ಆಗ ದೊಡ್ಡ ಕೆಲ್ಸ ಎಲ್ಲಾ ಒಂದೇ ಕೋಮಿನೋರ ಕೈಲಿತ್ತಂತೆ. ಮಿಕ್ಕೋರು ಮಹಾರಾಜ್ರಿಗೆ ಅರ್ಜಿ ಕೊಟ್ರು. ಅವ್ರು ಈ ಸಮಿತಿ ಮಾಡಿದ್ರು, ಅದು ಹೇಳಿದ್ಮೇಲೆ ಈ ಆದೇಶ ಬಂತು. ಸಂವಿಧಾನಕ್ಕೆ ಹತ್ತತ್ರ ಮೂವತ್ತು ವರ್ಷ ಮುಂಚೆ ಸಾ! ಅದರ ಕಾಗ್ದ ನನ್ ಕೈಲದೆ.” ದನಿಯಲ್ಲಿ ಕೊಂಕಿರಲಿಲ್ಲ, ಬರೀ ಬೆರಗು.

ಅಬ್ಬಾ! ಆ ಆದೇಶ ಇರದಿದ್ದರೆ ತಾತ ಗದ್ದೆಯಲ್ಲೇ ಉಳಿಯುತ್ತಿದ್ದರು, ಅಪ್ಪ ಓದುತ್ತಿರಲಿಲ್ಲ, ಮಹಾದೇವಸ್ವಾಮಿ ಸಾಹೇಬ್ರು ಅನ್ನಿಸಿಕೊಂಡು ನಾನು ಈ ಕುರ್ಚಿಯಲ್ಲಿ ಮೆರೆಯುತ್ತಿರಲಿಲ್ಲ. ಯಾವನೋ ಅಧಿಕಾರಿ ಅಂದು ತಾತನ ಹೆಸರಿನ ಕೆಳಗೆ ಸಹಿ ಹಾಕಿದ್ದ. ಮನಸ್ಸಿಲ್ಲದೆಯೇ ಹಾಕಿದ್ದನೋ ಏನೋ. ಹಾಕಿದ್ದ.

ಡ್ರಾಯರಿನಿಂದ ವರದಿ ತೆಗೆದು ಹರಿದೆ. ಹೊಸ ಹಾಳೆ ಎಳೆದುಕೊಂಡು, ದೇವರ ಮುಂದಿದ್ದ ಪೆನ್ನಿಗೆ ಕೈಹಾಕಿದೆ.

“ಪೂಜೆಗಿಟ್ಟ ಪೆನ್ನು ಇವತ್ತು ಮುಟ್ಬಾರ್ದಲ್ವಾ ಸಾ?”

“ಇವತ್ತೇ ಮುಟ್ಬೇಕು ಕಣಮ್ಮ.” ‘ಅತ್ಯಂತ ತೃಪ್ತಿಕರ’ ಎಂದು ಬರೆದು ಸಹಿ ಹಾಕಿ ಅವಳ ಮುಂದಿಟ್ಟೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಮೊದ್ಲು ಬೇರೆ ಥರ ಬರ್ದಿದ್ದೆ.”

“ಗೊತ್ತಿತ್ತು ಸಾ,” ಎಂದಳು ರಂಜಿನಿ. “ಹೋದ್ವಾರ ಫೈಲ್ ಹುಡುಕ್ವಾಗ ನೋಡ್ದೆ.”