ಹಿರಿಯರ ಕಾಲಂ

ಸುಹಾಸಿನಿಯ ಹೆಸರನ್ನು ದೃಢೀಕರಣದ ಪಟ್ಟಿಯಿಂದ ತೆಗೆಯಬೇಕೆಂದು, ಭಾನುವಾರದ ಆರಾಧನೆ ಮುಗಿದ ಮೇಲೆ, ಬಸವಕಲ್ಯಾಣದ ನಮ್ಮ ಕ್ರೈಸ್ತ ಸಭೆಯ ಹಿರಿಯರು ಕೂತರು; ನಾನೂ ಅವರಲ್ಲಿದ್ದೆ. ಆಕೆಗೆ ಹತ್ತೊಂಬತ್ತು ವರ್ಷ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಬಳೆ ಅಂಗಡಿಯ ಕೆಲಸ. ಯಜಮಾನಿ ಸಂಗಮ್ಮ, ಮಠದಿಂದ ತಂದ ಪ್ರಸಾದದ ಪೇಡೆ ಕೊಟ್ಟಾಗ ಈಕೆ ತಿಂದಳಂತೆ. ಬೇರೆ ದೇವರ ಪ್ರಸಾದ ನಮ್ಮಲ್ಲಿ ನಿಷಿದ್ಧ. ಆಟೋಕ್ಕೆ ಕಾಯುತ್ತಿದ್ದ ನಮ್ಮವರೊಬ್ಬರು ನೋಡಿದರಂತೆ. ಸಭೆಯ ಪೂರ್ಣ ಸದಸ್ಯತ್ವ ಕೊಡುವ ದೃಢೀಕರಣವಾಗದಿದ್ದರೆ ಆಕೆಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲಿಲ್ಲ.

ಕಾರ್ಯದರ್ಶಿ ಅಂಬರೀಷ ಬಹಳ ಹೊತ್ತು ಮಾತಾಡಿದರು. ಈಗಿನವರಿಗೆ ವಾಕ್ಯ ಬಾಯಿಗೆ ಬರುವುದಿಲ್ಲ, ಫೋನು ಬಿಟ್ಟು ಮೊಣಕಾಲೂರುವುದಿಲ್ಲ, ಇವರಿಂದಲೇ ಸಭೆ ಕೆಡುತ್ತಿದೆ ಎಂದರು. ಎಲ್ಲರೂ ತಲೆಯಾಡಿಸಿದರು. ಸುಹಾಸಿನಿ ತಲೆಯ ಮೇಲೆ ವೇಲು ಹೊದ್ದು ಬಾಗಿಲಲ್ಲೇ ನಿಂತಿದ್ದಳು. ಕೂತುಕೋ ಎಂದು ಯಾರೂ ಹೇಳಲಿಲ್ಲ.

ನನ್ನ ಮೈ ಉರಿಯಿತು. ಇಷ್ಟು ಜನರಲ್ಲಿ ಒಬ್ಬರಾದರೂ ಆಕೆಯ ಹೊಸ್ತಿಲು ತುಳಿದಿದ್ದರೇ? ಯಜಮಾನಿಯ ಮನಸ್ಸು ನೋಯದ ಹಾಗೆ ಹೇಗೆ ಬೇಡ ಎನ್ನುವುದು, ಅದನ್ನು ದೃಢೀಕರಣಕ್ಕೆ ಮುಂಚಿನ ಮೂರು ದಿನದ ಶಿಬಿರ ಕಲಿಸುವುದಿಲ್ಲ. ನನಗೆ ಅಂಥದ್ದನ್ನು ಕಲಿಸಿದವರು ಘಾಟಬೋರಾಳದಿಂದ ಬಂದು ಇಲ್ಲಿ ನೆಲೆಸಿದ ಜೈವಂತಪ್ಪ. ನಾನು ಸಂಜೆ ಕಾಲೇಜಿಗೆ ಹೋಗುತ್ತಿದ್ದ ಎರಡು ವರ್ಷ, ಪ್ರತಿ ಶುಕ್ರವಾರ ಬಸ್ ನಿಲ್ದಾಣದಲ್ಲಿ ಕಾದಿದ್ದು, ಈ ವಾರ ಎಲ್ಲಿ ಎಡವಿದೆ ಎಂದಷ್ಟೇ ಕೇಳುತ್ತಿದ್ದರು. ಮೊದಲು ತಾವು ಎಡವಿದ್ದನ್ನು ಹೇಳುತ್ತಿದ್ದರು.

ಆ ದಿನವೂ ಅವರು ಮೂಲೆಯಲ್ಲಿದ್ದರು. “ಈ ಪೋರಿಗಿ ಹಿರೇರು ಯಾರ್ ಅದಾರ? ರಜಿಸ್ಟರ್ ತಗೀರಿ,” ಎಂದರು.

ಪ್ರತಿ ಹೊಸ ವಿಶ್ವಾಸಿಯ ಹೆಸರಿನ ಎದುರು ಒಬ್ಬ ಹಿರಿಯರ ಹೆಸರು ಬರೆಯುವುದು ನಮ್ಮ ಪದ್ಧತಿ. ಒಂದು ವರ್ಷ ಅವರು ಆ ವಿಶ್ವಾಸಿಯ ಜೊತೆ ನಡೆಯಬೇಕು. ಅಂಬರೀಷ ಹಾಳೆ ತಿರುವಿದರು. ಓದದೆ ನನ್ನ ಕಡೆ ನೋಡಿದರು.

ಹೋದ ಈಸ್ಟರಿನಲ್ಲಿ ಯಾರದಾದರೊಂದು ಹೆಸರು ಬೇಕು ಎಂದಾಗ ರುಜು ಹಾಕಿದವಳು ನಾನು. ನನಗೇ ಏನೂ ಸರಿಯಾಗಿ ಗೊತ್ತಿಲ್ಲ, ಏನು ಕಲಿಸಲಿ ಎಂದು ಅಂಜಿ ಒಮ್ಮೆಯೂ ಹೋಗಿರಲಿಲ್ಲ. ಅದನ್ನು ವಿನಯ ಎಂದುಕೊಂಡಿದ್ದೆ. ಮರೆತಿರಲಿಲ್ಲ, ಬೇರೆಯವರ ಮೇಲಿನ ಸಿಟ್ಟಿನಲ್ಲಿ ಮುಚ್ಚಿಟ್ಟಿದ್ದೆ.

ಜೈವಂತಪ್ಪ ನನ್ನ ಅಂಜಿಕೆ ಬಲ್ಲವರು, ಬಿಡಲಿಲ್ಲ. “ಏನವಾ, ನಾ ಭಾಳ ಶಾಣ್ಯಾ ಇದ್ನಂತ ನಿನ್ನ ಕೂಡ ಕುಂದರತಿದ್ನೇನು?”

ಎದ್ದು ನಿಂತೆ.

“ತಪ್ಪು ನಂದ ಅದರಿ. ಆಕಿ ಹೆಸರು ತಗಿಯೋದಿದ್ರ ಮೊದಲ ನಂದು ತಗೀರಿ. ಆಮ್ಯಾಲ ಆ ಕಾಲಂದಾಗ ಇರೋ ನಿಮ್ಮೆಲ್ಲಾರ ಹೆಸರು ಓದ್ರಿ. ಯಾರು ಯಾರ ಮನಿಗಿ ಹೋಗೀರಿ, ಕೇಳೂನು.”

ಅಂಬರೀಷರ ಹೆಸರು ಆರು ಮಂದಿಯ ಎದುರಿತ್ತು. ಅವರು ರಜಿಸ್ಟರ್ ಮುಚ್ಚಿದರು. ಹೆಸರು ಸದ್ಯ ಇರಲಿ, ಮುಂದಿನ ತಿಂಗಳು ನೋಡೋಣ ಎಂದರು.

ಹೊರಗೆ ಸುಹಾಸಿನಿ ಚಪ್ಪಲಿ ಮೆಟ್ಟುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು: “ಅವತ್ತ ಸಂಗಮ್ಮಕ್ಕಗ ಮೊಮ್ಮಗ ಹುಟ್ಟಿದ್ದರಿ. ಖುಷೀಲೆ ಬಾಯಾಗ ಇಟ್ಟರು. ಯಾಕ ತಿಂದಿ ಅಂತ ಒಬ್ಬರಾರ ಕೇಳಿದ್ರೇನು?”

ನಾನೂ ಕೇಳಿರಲಿಲ್ಲ. ಅಂಗಡಿಗೆ ಮಂಗಳವಾರ ರಜೆಯಂತೆ. ಅಂದೇ ಬರುತ್ತೇನೆ ಎಂದೆ. ಮನೆ ಎಲ್ಲಿದೆ ಎಂದು ಆಕೆಯನ್ನೇ ಕೇಳಬೇಕಾಯಿತು.