ಮಾಲಿನ ಗಾಡಿ

“ಕೀಲಿ ಕೊಡಮ್ಮಾ. ಹೊತ್ತಾಗಾಕ ಹತ್ತೈತಿ.”

ಸಾಜಿದ್ ಚಾಚಿದ ಕೈ ಹಾಗೇ ಇತ್ತು. ಬಿಬಿಜಾನ ಗೋಡೆಗೆ ಒರಗಿ ಕುಳಿತಿದ್ದಳು. ಗಂಡನ ಗೂಡ್ಸ್ ಗಾಡಿಯ ಕೀಲಿ ಸೆರಗಿನೊಳಗೆ ಅವಳ ಮುಷ್ಟಿಯಲ್ಲಿತ್ತು. ಬೆಳಿಗ್ಗೆ ಚಹಾ ಕುಡಿದು ಗಾಡಿಯ ಗಾಜು ಒರೆಸುತ್ತಿದ್ದ ಬುರಾನಸಾಬ ಎದೆ ಹಿಡಿದುಕೊಂಡು ಕುಸಿದಾಗ ಅವನ ಬೆರಳುಗಳಿಂದ ಬಿಡಿಸಿಕೊಂಡ ಕೀಲಿ ಅದು. ಆಗಿನಿಂದ ಅವಳು ಅದನ್ನು ಕೆಳಗೆ ಇಟ್ಟಿರಲಿಲ್ಲ.

ಶವಕ್ಕೆ ಸ್ನಾನ ಮಾಡಿಸಿ ಕಫನ್ ಸುತ್ತಿಯಾಗಿತ್ತು. ಇಳಿಹೊತ್ತಿನ ಅಸರ್ ನಮಾಜು ಮುಗಿದ ಕೂಡಲೆ ಒಯ್ಯುವುದೆಂದು ಹಿರಿಯರು ಹೇಳಿದ್ದರು. ಆದರೆ ಸತ್ತವನ ಒಬ್ಬನೇ ತಮ್ಮ ದಸ್ತಗೀರಸಾಬ ಇನ್ನೂ ಬಂದಿರಲಿಲ್ಲ. ಸಾಲಹಳ್ಳಿಯಿಂದ ಹೊರಟ ಅವನು ಮತ್ತು ಬೀಗರು ರಾಮದುರ್ಗದಲ್ಲಿ ಹತ್ತಿದ ಬಸ್ಸು ಇವರ ಊರು ಸುರೇಬಾನ ಮುಟ್ಟುವ ಮೊದಲೇ ಕೆಟ್ಟು ನಿಂತಿತ್ತು. ಗಟ್ಟಿಗರು ನಡೆದು ಬರಬಹುದಾದಷ್ಟು ದೂರ, ಮುದುಕಿಯರು ನಡೆಯಲಾರದಷ್ಟು ದೂರ.

“ಮೋಟರಸೈಕಲ್ ಕಳಸ್ರಿ ಯಾರನ್ನರ,” ಎಂದಳು ಬಿಬಿಜಾನ.

“ಬಾಜೂಮನಿ ಸೋಮಪ್ಪಕಾಕಾ ಹೋಗ್ಯಾರ. ಅವರು ಎಷ್ಟ ಮಂದಿನ್ನ ತಂದಾರು? ಗಾಡಿ ಆದ್ರ ಒಂದ ಸಲಕ್ಕ ಎಲ್ಲಾರೂ ಬರತಾರ.”

ಸಾಜಿದನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅವನು ನೋಡಲಿಲ್ಲ.

ಬಿಬಿಜಾನ ಮುಷ್ಟಿ ಬಿಚ್ಚಿದಳು. “ಹಿಂದ ಯಾರನ್ನೂ ಹತ್ತಸಬ್ಯಾಡ.”

ಅವನು ಕೀಲಿ ತೆಗೆದುಕೊಂಡು ಹೊರಗೆ ನಡೆದ.

*

ಬುರಾನಸಾಬ ಶಾಲೆಗೆ ಹೋಗುತ್ತಿದ್ದ ಕಾಲ. ಅವನ ತಂದೆ ಸವದತ್ತಿಯಿಂದ ಹತ್ತಿ ಹೇರಿಕೊಂಡು ಬರುತ್ತಿದ್ದ ಲಾರಿಯ ಮೇಲೆ ಕುಳಿತು ಊರಿಗೆ ಹೊರಟಿದ್ದ. ಬಸ್ಸು ಇರಲಿಲ್ಲವೆಂದಲ್ಲ. ಲಾರಿಯವನು ಪರಿಚಯದವನು, ಮನೆ ಹತ್ತಿರವೇ ಇಳಿಸುತ್ತಾನೆಂದು. ಹಳ್ಳದ ತಿರುವಿನಲ್ಲಿ ಲಾರಿ ಮಗ್ಗುಲಿಗೆ ಬಿತ್ತು. ಹತ್ತಿಯ ಅಂಡಿಗೆಗಳ ಕೆಳಗಿಂದ ತಂದೆಯನ್ನು ಹೊರಗೆ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು.

ತಾಯಿ ದಸ್ತಗೀರನನ್ನು ಬಗಲಲ್ಲಿ ಎತ್ತಿಕೊಂಡು, ಬುರಾನನ ಕೈ ಹಿಡಿದುಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆದಳು. ಕೊನೆಗೆ ಒಂದು ದಿನ ವಕೀಲರು ಅವಳನ್ನು ಹೊರಗೆ ಬೇವಿನ ಗಿಡದ ನೆರಳಿಗೆ ಕರೆದರು.

“ವಿಮಾ ಕಂಪನಿಯವರು ಕೊಡೂದಿಲ್ಲವ್ವಾ. ಅದು ಮಾಲಿನ ಗಾಡಿ. ಮಾಲಿನ ಗಾಡ್ಯಾಗ ಕುಂತ ಮಂದಿಗೆ ವಿಮಾ ಇರೂದಿಲ್ಲ. ಲಾರಿ ಮಾಲಕನ ಕಡಿಂದನ ತಗೋಬೇಕು.”

ಮಾಲಕ ಲಾರಿ ಮಾರಿ ಊರು ಬಿಟ್ಟು ಎಂದೋ ಹೋಗಿದ್ದ. ಅದು ವಕೀಲರಿಗೂ ಗೊತ್ತಿತ್ತು.

ತಾಯಿ ಕೇಳಿದಳು, “ಹತ್ತಿಗೆ ಇತ್ತೇನ್ರಿ?”

“ಹತ್ತಿಗೆ ಇತ್ತು.”

ಅವಳು ಬುರಾನನ ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದಳು. ಇನ್ನೂ ಸಣ್ಣವನಿದ್ದ ದಸ್ತಗೀರನಿಗೆ ಆ ದಿನ ನೆನಪಿಲ್ಲ. ಬುರಾನ ಮಾತ್ರ ಅದನ್ನು ಮರೆಯಲೇ ಇಲ್ಲ.

*

ಬಾಗಿಲ ಹೊರಗೆ ಹಾಕಿದ್ದ ಪೆಂಡಾಲಿನ ಕೆಳಗೆ ಜನ ಕೂತಲ್ಲಿ ಕೂರಲಾರದೆ ಎದ್ದು ರಸ್ತೆ ನೋಡಿ ಬರುತ್ತಿದ್ದರು.

“ಇನ್ಶೂರನ್ಸ್ ಬುರಾನಸಾಬ ಅಂತಿದ್ವಿ ನಾವು,” ಎಂದ ನಿಂಗರಾಜ. ಅವನದು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ. “ನನ್ನ ಬೈಕ್ ನೋಡಿದಾಗೊಮ್ಮೆ ಕೇಳಂವ. ಇನ್ಶೂರನ್ಸ್ ತುಂಬಿಯೇನೋ ಅಂತ. ಅವನ ಕಾಟ ತಡೀಲಾರದ ತುಂಬಿಸಿದೆ.”

“ಏನರ ಉಪಯೋಗ ಆತೇನು?”

“ಏನೂ ಇಲ್ಲ. ನಾ ಎಲ್ಲೂ ಬಿದ್ದಿಲ್ಲ ಇನ್ನೂ.”

ಒಬ್ಬಿಬ್ಬರು ನಕ್ಕು, ಒಳಗೆ ಮಲಗಿದ್ದವನ ನೆನಪಾಗಿ ಸುಮ್ಮನಾದರು.

ಹೆಂಗಸರ ಕಡೆ ಕೂತಿದ್ದ ಯಲ್ಲವ್ವ ತಲೆ ಎತ್ತಿದಳು. “ನನಗ ಆತು. ಬ್ಯಾಂಕಿನ್ಯಾಗ ವರ್ಷಾ ಒಂದೀಟ ರೊಕ್ಕ ಮುರಕೊಳ್ಳೂ ವಿಮಾ ಬಂದೈತಿ, ಮಾಡಸ್ರಿ ಅಂತ ಬುರಾನಸಾಬರು ನಮ್ಮನಿಯವ್ರ ಬೆನ್ನ ಹತ್ತಿದ್ರು. ಬದುಕಿದ್ದಂವಗ ಸಾವಿನ ಮಾತ ಹೇಳತೀರಿ ಅಂತ ನಾನು ಬೈದು ಕಳಿಸಿದ್ದೆ. ಮರುದಿನ ಮತ್ತ ಬಂದ್ರು. ನಮ್ಮವ್ರು ಹಾವು ಕಚ್ಚಿ ಹೋದ್ರಲ್ಲ, ಆ ರೊಕ್ಕದಾಗನ ಎಮ್ಮಿ ತಗೊಂಡದ್ದು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವರ ಮನಿಗೆ ಹಾಲ ಹಾಕತೇನಿ. ಒಂದ ದಿನಾನೂ ಆ ಮಾತ ತಗೀಲಿಲ್ಲ ಅವರು.”

ಒಳಗಿಂದ ಹಿರಿಯರೊಬ್ಬರು ಬಂದು ಕೇಳಿದರು, “ಸಾಜಿದ್ ಎಲ್ಲಿ? ಅಸರ್‌ಗೆ ಬಾಂಗ್ ಆಗೂ ಹೊತ್ತಾತು. ಮಯ್ಯತ್ ಕಾಯಿಸಬಾರದು.”

*

ಸಾಜಿದ್ ಗಾಡಿ ಜೋರಾಗಿ ಓಡಿಸುತ್ತಿದ್ದ. ಸೀಟು ಇನ್ನೂ ಅಬ್ಬಾನ ಮೈಯ ಅಳತೆಗೇ ತಗ್ಗಾಗಿತ್ತು. ಅದರಲ್ಲಿ ಕೂತು ಅವನಿಗೆ ಬೆನ್ನು ನೆಲೆಯಾಗಲಿಲ್ಲ. ದಸ್ತಗೀರಕಾಕಾ ಎದುರಿಗೆ ಬಂದರೆ ಏನು ಮಾತಾಡುವುದೆಂದೂ ತಿಳಿಯಲಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಈ ಗಾಡಿಯ ಸಲುವಾಗಿಯೇ.

ದಸ್ತಗೀರಸಾಬನ ಮಗಳು ಜನ್ನತಳ ಮದುವೆ ಹೂಲಿಯಲ್ಲಿ ಗೊತ್ತಾಗಿತ್ತು.

“ಅಣ್ಣಾ, ಗಾಡಿ ತಗೊಂಡ ಬಾ. ಹೆಣ್ಮಕ್ಕಳನ್ನೆಲ್ಲಾ ಅದರಾಗನ ಒಯ್ಯೂಣು,” ಎಂದು ಅವನು ಬಂದು ಹೇಳಿದ್ದ.

“ಮಂದಿ ಒಯ್ಯೂ ಕ್ರೂಸರ್ ಹೇಳತೇನಿ. ಬಾಡಿಗಿ ನಾ ಕೊಡತೇನಿ.”

“ಮನ್ಯಾಗ ಗಾಡಿ ಇಟಗೊಂಡು ಬಾಡಿಗಿ ಗಾಡಿ ಯಾಕ? ಬೀಗರು ಏನಂದಾರು?”

“ಏನರ ಅನ್ಲಿ. ಮಾಲಿನ ಗಾಡ್ಯಾಗ ಮಂದಿ ಹೇರೂದಿಲ್ಲ ನಾನು. ಏನರ ಆದ್ರ ಯಾರಿಗೂ ಒಂದ ಪೈಸಾ ಬರೂದಿಲ್ಲ.”

“ಮದಿವಿ ಮಾತ ತಗೊಂಡ ಬಂದೇನಿ. ನೀ ಸಾವಿನ ಮಾತ ಆಡಾಕ ಹತ್ತೀದಿ.” ದಸ್ತಗೀರಸಾಬ ಚಹಾ ಮುಟ್ಟದೆ ಎದ್ದು ಹೋಗಿದ್ದ.

ಮದುವೆಯ ದಿನ ಬುರಾನಸಾಬ ಕಳಿಸಿದ ಕ್ರೂಸರ್ ಸಾಲಹಳ್ಳಿಯಿಂದ ಖಾಲಿ ಮರಳಿತು. ಬೇರೆಯವರ ಗೂಡ್ಸ್ ಗಾಡಿಯಲ್ಲಿ ಹೆಂಗಸರು, ಮಕ್ಕಳು ಹಾಡುತ್ತ ಹೂಲಿಗೆ ಹೋದರು, ಹಾಡುತ್ತ ಬಂದರು. ಏನೂ ಆಗಲಿಲ್ಲ. ಮುಂದೆ ಎಲ್ಲಿ ಮಾತು ಬಂದರೂ ದಸ್ತಗೀರಸಾಬ ಅದನ್ನೇ ಹೇಳುತ್ತಿದ್ದ, “ಏನಾತು? ಏನೂ ಆಗಲಿಲ್ಲ.”

ಸಾಜಿದ್ ಅಬ್ಬಾನಿಗೆ ಹೇಳದೆ ಆ ಗಾಡಿಯಲ್ಲೇ ಹೋಗಿದ್ದ. ಮರಳಿದಾಗ ಬುರಾನಸಾಬ ಅಂಗಳದಲ್ಲಿ ನಿಂತೇ ಇದ್ದ. ಬೆಳಗಿನಿಂದ ಊಟ ಮಾಡಿರಲಿಲ್ಲವೆಂದು ಆಮೇಲೆ ಅಮ್ಮ ಹೇಳಿದಳು. ಬೈಯುತ್ತಾನೆಂದು ಸಾಜಿದ್ ತಲೆ ತಗ್ಗಿಸಿದ. ಅಬ್ಬಾ ಹತ್ತಿರ ಬಂದು ಅವನ ಭುಜ ಮುಟ್ಟಿದ, ಎರಡೂ ಮೊಣಕೈ ಮುಟ್ಟಿ ನೋಡಿದ, ಒಳಗೆ ಹೋದ.

*

ಕೆಟ್ಟ ಬಸ್ಸಿನ ನೆರಳಿನಲ್ಲಿ ಎಲ್ಲರೂ ನಿಂತಿದ್ದರು. ಸೋಮಪ್ಪ ಆಗಲೇ ಒಬ್ಬ ಮುದುಕನನ್ನು ಕೂರಿಸಿಕೊಂಡು ಹೊರಟಿದ್ದ. ಸಾಜಿದ್ ಗಾಡಿ ತಿರುಗಿಸಿ ನಿಲ್ಲಿಸಿ ಹಿಂದಿನ ಬಾಗಿಲಿನಂಥ ಫಳಿ ಇಳಿಸಿದ. ಅಮ್ಮನ ಮಾತು ಕಿವಿಯಲ್ಲಿತ್ತು. ಆದರೂ ಇಳಿಸಿದ.

“ಲಗೂ ಹತ್ತರಿ. ಬಾಂಗ್ ಆಗೂ ಹೊತ್ತಾತು.”

ಹುಡುಗರು ಹತ್ತಿದರು. ಹೆಂಗಸರು ಒಬ್ಬರಿಗೊಬ್ಬರು ಕೈ ಕೊಟ್ಟು ಹತ್ತಿದರು. ಕೊನೆಗೆ ದಸ್ತಗೀರಸಾಬ ಫಳಿಯ ಮೇಲೆ ಒಂದು ಕಾಲಿಟ್ಟ. ಗಾಡಿಯ ತಗಡು ಹಿಡಿದುಕೊಂಡ. ಹಾಗೇ ನಿಂತ.

“ಕೈ ಕೊಡ್ಲೇನ್ರಿ ಕಾಕಾ?”

ಅವನು ಕಾಲು ಕೆಳಗಿಟ್ಟ.

“ಇಳೀರಿ ಎಲ್ಲಾರೂ.”

“ಯಾಕ?” ಎಂದಳು ಅವನ ಹೆಂಡತಿ ಮೇಲಿನಿಂದ.

“ಇಳೀರಿ ಅಂದ್ನಿಲ್ಲ. ಅಣ್ಣ ಹತ್ತಸತಿದ್ದಿಲ್ಲ.”

ಸಾಜಿದನ ದನಿ ಬಿರುಸಾಯಿತು. “ಅಬ್ಬಾ ಇಲ್ಲಲ್ಲ ಕಾಕಾ ಈಗ.”

“ಅದಕ್ಕ,” ಎಂದ ದಸ್ತಗೀರಸಾಬ. “ಅಂವ ಇದ್ದಿದ್ರ ಜಗಳ ಮಾಡೇರ ಹತ್ತತಿದ್ದೆ. ಈಗ ಯಾರ ಸಂಗಾಟ ಜಗಳಾ ಮಾಡ್ಲಿ?”

ಹತ್ತಿದವರು ಒಬ್ಬೊಬ್ಬರಾಗಿ ಇಳಿದರು.

“ಮುಂದ ಇಬ್ಬರಿಗೆ ಜಾಗಾ ಐತಿ. ನಿಮ್ಮ ಕಾಕಿನ್ನ, ಅವರವ್ವನ್ನ ಕರಕೊಂಡ ಹೋಗು. ಉಳದ ಹೆಣ್ಮಕ್ಕಳನ್ನ ಸೋಮಪ್ಪ ತರತಾನ. ಗಂಡಸರು ನಡಕೋತ ಬರತೇವಿ.”

“ನೀವು ಮುಟ್ಟೂದರಾಗ ಮಣ್ಣ ಆಗಿರತೈತಿ ಕಾಕಾ.”

“ಆಗಲಿ.”

ಅವನು ಆಗಲೇ ರಸ್ತೆಯ ಅಂಚು ಹಿಡಿದು ನಡೆಯತೊಡಗಿದ್ದ. ಮಂಡಿ ನೋವಿನ ಕಾಲು ಎಳೆಯುತ್ತಿದ್ದ. ಸಾಜಿದ್ ಫಳಿ ಎತ್ತಿ ಹಾಕಿದ. ಕೊಂಡಿ ಕೂರಿಸಿ ಮುಂದಿನ ಬಾಗಿಲು ತೆಗೆದ.

*

ಮನೆಯಲ್ಲಿ ಹೆಚ್ಚು ಹೊತ್ತು ಕಾಯಲಿಲ್ಲ. ಸಾಜಿದ್ ಬೇಡಿಕೊಂಡ, ಹಿರಿಯರು ಹೊತ್ತು ತೋರಿಸಿದರು. ಅಸರ್ ಮುಗಿಯಿತು. ಕೊನೆಯ ಬಾರಿ ಮುಖ ತೋರಿಸುವಾಗ ಬಿಬಿಜಾನ ಗಂಡನ ಹತ್ತಿರ ಬಗ್ಗಿ ಏನೋ ಹೇಳಿದಳು. ಅದು ಯಾರಿಗೂ ಕೇಳಲಿಲ್ಲ.

ಖಬರಸ್ತಾನ ಊರ ಹೊರಗೆ ರಾಮದುರ್ಗದ ರಸ್ತೆಗೇ ಇತ್ತು. ಜನಾಜಾ ಹೊತ್ತವರು ಕಲಿಮಾ ಹೇಳುತ್ತ ಬೇಗ ಬೇಗ ಹೆಜ್ಜೆ ಹಾಕಿದರು. ಮುಂದಿನ ಕೋಲಿಗೆ ಹೆಗಲು ಕೊಟ್ಟಿದ್ದ ಸಾಜಿದ್ ರಸ್ತೆಯನ್ನೇ ನೋಡುತ್ತಿದ್ದ. ಗೋವಿನಜೋಳದ ಹೊಲ ದಾಟಿದಾಗ ಎದುರಿನಿಂದ ನಾಲ್ಕಾರು ಮಂದಿ ನಡೆದು ಬರುತ್ತಿರುವುದು ಕಾಣಿಸಿತು. ಒಬ್ಬ ಎಲ್ಲರಿಗಿಂತ ಹಿಂದಿದ್ದ. ಜನಾಜಾ ಕಂಡದ್ದೇ ಅವನು ಕುಂಟುತ್ತಲೇ ಓಡಿದ.

ದಸ್ತಗೀರಸಾಬನ ಧೋತ್ರ ಮೊಣಕಾಲಿನತನಕ ಧೂಳಾಗಿತ್ತು. ಅವನು ಯಾರ ಮುಖವನ್ನೂ ನೋಡಲಿಲ್ಲ. ಸಾಜಿದ್ ಸರಿದು ಜಾಗ ಬಿಟ್ಟ. ಕಾಕಾ ಕೋಲಿನ ಕೆಳಗೆ ಹೆಗಲು ಕೊಟ್ಟ. ಅವನು ಗಿಡ್ಡ, ಜನಾಜಾ ಅವನ ಕಡೆ ವಾಲಿತು. ಉಳಿದ ಮೂವರು ಏನೂ ಅನ್ನದೆ ಮೊಣಕಾಲು ಸ್ವಲ್ಪ ಬಗ್ಗಿಸಿ, ಅವನ ಎತ್ತರಕ್ಕೆ ಇಳಿದು ನಡೆದರು.

ಆಗ ಹಿಂದಿನಿಂದ ಒಂದು ಗೂಡ್ಸ್ ಗಾಡಿ ಬಂದು ರಸ್ತೆಯ ಮಗ್ಗುಲಿಗೆ ನಿಂತಿತು. ಕಳೆ ತೆಗೆದು ಮನೆಗೆ ಹೊರಟ ಹೆಂಗಸರು ಅದರ ತುಂಬ ಕೂತು ನಿಂತು ಒತ್ತಿಕೊಂಡಿದ್ದರು. ಚಾಲಕ ಇಂಜಿನ್ ಬಂದ್ ಮಾಡಿದ. ಹೆಂಗಸರು ಮಾತು ನಿಲ್ಲಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡರು. ಜನಾಜಾ ದೂರವಾದ ಮೇಲೆ ಇಂಜಿನ್ ಮತ್ತೆ ಗುರುಗುಟ್ಟಿತು. ಫಳಿಯ ತುದಿಗೆ ಕೂತಿದ್ದ ಒಬ್ಬಳು, ಹೊರಗೆ ಇಳಿಬಿಟ್ಟಿದ್ದ ತನ್ನ ಕಾಲುಗಳನ್ನು ಮೆಲ್ಲಗೆ ಒಳಗೆ ಎಳೆದುಕೊಂಡಳು.