ಗಮ್ಲಿಬಾಯಿ ಆಬ್ಸೆಂಟು

ಮೊದಲನೇ ಬೆಂಚಿನಲ್ಲಿ, ಮೇಷ್ಟ್ರ ಕಣ್ಣೆದುರಿಗೇ ಕುಳಿತು ಒಂಬತ್ತು ದಿನ ಆಬ್ಸೆಂಟಾಗುವುದೆಂದರೆ ಹುಡುಗಾಟದ ಮಾತೇ? ಗಮ್ಲಿಬಾಯಿ ಆಗಿದ್ದಳು.

ಹೊಳಲ್ಕೆರೆ ಕಡೆಯ ಆ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿದ ದಿನವೇ ಈ ರಗಳೆ ಶುರುವಾಗಿದ್ದು. ತಾಂಡಾದಿಂದ ಬಂದ ಲಂಬಾಣಿ ಹುಡುಗಿ ಹೆಸರು ಹೇಳಿದ್ದೇ ತಡ, ಕ್ಲಾಸಿಗೆ ಕ್ಲಾಸೇ "ಗಮ್ಲಿ! ಗಮಲು! ವಾಸ್ನೆ!" ಎಂದು ಮೂಗು ಮುಚ್ಚಿಕೊಂಡು ನಕ್ಕಿತ್ತು. ಕನ್ನಡ ಮೇಷ್ಟ್ರು ಮುರುಗೇಶಪ್ಪ ಕೆಟ್ಟವರೇನಲ್ಲ. ನಕ್ಕವರನ್ನು ಗದರುವ ಬದಲು ಹೆಸರನ್ನೇ ರಿಪೇರಿ ಮಾಡಿಬಿಟ್ಟರು, ಅಷ್ಟೇ. "ಇನ್ಮೇಲೆ ನೀನು ಕಮಲ. ಪಸಂದಾಗೈತಲ್ಲ!" ಎಂದು ಹಾಜರಿ ಪುಸ್ತಕಕ್ಕೆ ಏರಿಸಿದರು. ಉಪಕಾರ ಮಾಡಿದೆನೆಂದೇ ಅವರ ನಂಬಿಕೆ.

ಎರಡು ವರ್ಷ, ಪಾಪ, ಕಮಲ ಎಂದರೆ ಎಸ್ ಸಾರ್ ಎಂದಳು. ಈ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಗಮ್ಲಿ ಅನ್ನುವುದು ಅಜ್ಜಿಯದೇ ಹೆಸರು. ತಾಂಡಾದಲ್ಲಿ ಆ ಹೆಸರಿನವಳು ಇನ್ನು ಇವಳೊಬ್ಬಳೇ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಳಿಸುವ ಪಟ್ಟಿಯಲ್ಲಿ ನೋಡುತ್ತಾಳೆ, ಕಮಲ! ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚಾಯಿತೆಂದರೆ ಮುಗೀತು, ಸಾಯುವತನಕ ಕಮಲ. ಹುಡುಗಿ ಸೀದಾ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಸಾರ್, ನನ್ನ ಹೆಸರು ತಪ್ಪೈತೆ. ಆಧಾರ್ ಕಾರ್ಡಲ್ಲಿ ಗಮ್ಲಿಬಾಯಿ ಅಂತಾನೇ ಐತೆ."

"ಲೇ, ಚಂದದ ಹೆಸರು ಬಿಟ್ಟು ಅದ್ಯಾಕವ್ವಾ ಬೇಕು ನಿನಗೆ? ಸುಮ್ನೆ ಕುಂತ್ಕ."

ಕುಂತಳು. ಆದರೆ ಮಾರನೇ ದಿನದಿಂದ ಕಮಲ ಎಂದು ಕೂಗಿದರೆ ಬಾಯಿ ಬಿಡಲಿಲ್ಲ. ಮೇಷ್ಟ್ರಿಗೂ ಹಟ, ಆಬ್ಸೆಂಟ್ ಹಾಕಿದರು. ಪಕ್ಕದಲ್ಲಿ ಕೂರುವ ಗೊಲ್ಲರಹಟ್ಟಿಯ ಲತಾ ತೊಡೆ ಚಿವುಟಿದಳು.

"ಎಸ್ ಅನ್ನೇ! ಹಾಜರಿ ಕಮ್ಮಿ ಆದ್ರೆ ಪರೀಕ್ಷೆಗೇ ಕೂರ್ಸಲ್ಲ."

"ಕೂರ್ಸದೇ ಇದ್ರೆ ಕಮಲಂಗೆ ತಾನೇ? ನನಗೇನು?"

ಬಾಯಲ್ಲಿ ಹಾಗಂದಳೇ ಹೊರತು ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಪಟ್ಟಿ ಶನಿವಾರ ಹೋಗುವುದಿತ್ತು.

ಶುಕ್ರವಾರ ಶಿಕ್ಷಣಾಧಿಕಾರಿ ದಾಕ್ಷಾಯಿಣಿ ಹೇಳದೆ ಕೇಳದೆ ಬಂದರು. ಹಾಜರಿ ಪುಸ್ತಕ ಹಿಡಿದು ತಲೆ ಎಣಿಸಿದರು.

"ಪುಸ್ತಕದಾಗೆ ಇವತ್ತಿನ ಹಾಜರಿ ಮೂವತ್ತೊಂದು, ಇಲ್ಲಿ ಕುಂತೋರು ಮೂವತ್ತೆರಡು. ಜಾಸ್ತಿ ಇರೋರು ಯಾರ್ರಿ ಮೇಷ್ಟ್ರೇ?"

ಗಮ್ಲಿ ಎದ್ದು ನಿಂತಳು.

"ನಾನೇ ಮೇಡಂ. ಆಬ್ಸೆಂಟು."

"ಎದುರಿಗೇ ನಿಂತಿದೀಯಲ್ಲಮ್ಮ!"

"ಕಮಲ ಅನ್ನೋಳು ಬಂದಿಲ್ಲ ಮೇಡಂ. ನಾನು ಗಮ್ಲಿಬಾಯಿ, ದಿನಾ ಬಂದೀನಿ. ನನ್ನ ಹೆಸರೇ ಪುಸ್ತಕದಾಗಿಲ್ಲ."

"ಹುಡುಗ್ರು ಗಮಲು ಗಮಲು ಅಂತ ರೇಗಿಸ್ತಿದ್ರು ಮೇಡಂ," ಮೇಷ್ಟ್ರು ತಡವರಿಸಿದರು. "ಒಳ್ಳೇದಕ್ಕೇ ಅಂತ ನಾನು…"

"ಗಮಲು ಅಂದ್ರೆ ಪರಿಮಳ ಅಂತ ನೀವೇ ಪಾಠದಾಗೆ ಹೇಳಿಕೊಟ್ರಿ ಸಾರ್. ಅವತ್ತು ನಕ್ಕೋರಿಗೂ ಅದನ್ನೇ ಹೇಳಬೇಕಿತ್ತು."

ಈ ಸಲ ಒಬ್ಬರೂ ನಗಲಿಲ್ಲ. ಮೇಡಂ ತಮ್ಮ ಪೆನ್ನನ್ನು ಮೇಷ್ಟ್ರ ಕಡೆ ಚಾಚಿ, ಪುಸ್ತಕವನ್ನೂ ಪಟ್ಟಿಯನ್ನೂ ಮುಂದಿಟ್ಟರು. ಮುರುಗೇಶಪ್ಪ ಬೆವರೊರೆಸಿಕೊಂಡು 'ಗಮಲಿ' ಎಂದು ಬರೆದರು.

"ಮಿಗೆ ಲ ಒತ್ತು ಸಾರ್. ಬಾಯಿನೂ ಸೇರಿಸ್ರಿ."

ತಿದ್ದಿದರು. ಪುಸ್ತಕ ಎತ್ತಿಕೊಂಡು ಕೂಗಿದರು: "ಗಮ್ಲಿಬಾಯಿ."

"ಎಸ್ ಸಾರ್!" ಕಿಟಕಿಯ ಸರಳು ಅದುರುವಂತೆ ಅಂದಳು. ಕೂರಲಿಲ್ಲ ಮಾತ್ರ.

"ಇನ್ನೇನವ್ವಾ?"

"ಹಿಂದಿನ ಒಂಬತ್ತು ದಿನದ್ದೂ ಹಾಕ್ರಿ ಸಾರ್. ನಾನು ಬಂದಿದ್ದೆ."